ಮೂರನೆಯ ರಾಡು

ಮೂರನೆಯ ರಾಡಿನ ಮೇಲೆ ಗೆರೆ ಮೂಡಿತು.

ರಸೂಲಬಿ ಅದನ್ನು ಬಿಸಿಲಿಗೆ ಹಿಡಿದಳು. ಎಂಜಿನ್ನಿನೊಳಗೆ ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಗೇಣುದ್ದದ ಉಕ್ಕಿನ ತೋಳು ಅದು. ಇಂಥವು ನಾಲ್ಕು. ಹಿಂದಿನ ದಿನವೇ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಹುಡಿ ಬಳಿದಿಟ್ಟಿದ್ದಳು. ಉಕ್ಕು ಗಟ್ಟಿಯಿದ್ದರೆ ಸುಣ್ಣ ಬೆಳ್ಳಗೇ ಉಳಿಯುತ್ತದೆ. ಬಿರುಕಿದ್ದರೆ ಅದರೊಳಗೆ ಕೂತ ಎಣ್ಣೆ ಮೆಲ್ಲಗೆ ಹೊರಬಂದು ಸುಣ್ಣವನ್ನು ತೋಯಿಸುತ್ತದೆ. ಮೂರು ರಾಡುಗಳು ಬೆಳ್ಳಗೆ ಮಲಗಿದ್ದವು. ಈ ಒಂದರ ಕೊರಳಿನಲ್ಲಿ ಮಾತ್ರ ಹುಬ್ಬಿನ ಕೂದಲಿನಷ್ಟು ತೆಳ್ಳನೆಯ ಗೆರೆ.

ರಾಣೆಬೆನ್ನೂರಿನ ಪಿ.ಬಿ. ರಸ್ತೆಯ ಗ್ಯಾರೇಜಿನ ಹಿತ್ತಲಲ್ಲಿ, ಗೋಣಿತಟ್ಟಿನ ಪರದೆಯ ಈಚೆ, ಹನ್ನೆರಡು ವರ್ಷದಿಂದ ಅವಳು ಮಾಡಿಕೊಂಡು ಬಂದ ಕೆಲಸ ಇದು. ಪರದೆಯ ಆಚೆ ಗಂಡ ಕುತುಬುದ್ದೀನ ಮಿಸ್ತ್ರಿ. ಊರಿಗೆ ಗೊತ್ತಿದ್ದದ್ದು ಅವನ ಕೈಗುಣ ಮಾತ್ರ.

ಗಾಡಿ ಬ್ಯಾಡಗಿಯ ಮೆಣಸಿನಕಾಯಿ ದಲಾಲ ಹೇಮಪ್ಪನದು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತೆ ಓಡುವ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರು. ಹೋದ ದೀಪಾವಳಿಯಲ್ಲಿ ಮೋಟೆಬೆನ್ನೂರಿನ ಹತ್ತಿರ ಹಾವೇರಿಯ ಬಟ್ಟೆ ವ್ಯಾಪಾರಿಯೊಬ್ಬನ ಹೊಸ ಮಾರುತಿ ಅದನ್ನು ಹಿಂದೆ ಹಾಕಿ ಹೋಗಿತ್ತು. ಹಿಂದಿನ ಸೀಟಿನಿಂದ ಹೆಂಗಸರು ಕೈ ಬೇರೆ ಬೀಸಿದ್ದರಂತೆ. ಅಂದಿನಿಂದ ಪೇಟೆಯಲ್ಲಿ ಹೇಮಪ್ಪನನ್ನು ಕಂಡವರೆಲ್ಲ, ಸಾವಕಾರರು ಕುದುರೆಗೆ ಹುಲ್ಲು ಹಾಕುತ್ತಾರೋ ಇಲ್ಲವೋ ಎಂದು ವಿಚಾರಿಸುವವರೇ. ಇದೇ ಎಂಜಿನ್ನಿನಿಂದಲೇ ಇನ್ನಷ್ಟು ಜೋರು ಹೊರಡಿಸಿ ಕೊಡಬೇಕೆಂದು ಅವನು ಹಟ ಹಿಡಿದ. ಕುತುಬುದ್ದೀನ ಒಪ್ಪಿಕೊಂಡ. ಒಳಗಿನ ಒತ್ತಡ ಏರಲೆಂದು ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಹಾವೇರಿಯ ಲೇಥಿನಲ್ಲಿ ಗಾಜಿನ ಬಳೆಯಷ್ಟು ದಪ್ಪ ಹೆರೆಸಿ ತಂದ. ಗಾಳಿ ಹೋಗುವ ದಾರಿಗಳನ್ನು ಅರದಿಂದ ಉಜ್ಜಿ ಅಗಲ ಮಾಡಿದ, ಕಾರ್ಬುರೇಟರಿನ ತೂತು ಹಿಗ್ಗಿಸಿದ. ಗುರುವಾರ ಓಡಿಸಿ ತೋರಿಸುತ್ತೇನೆಂದು ನಾಲ್ಕು ಜನರೆದುರು ಮಾತು ಕೊಟ್ಟಿದ್ದ. ಇಂದು ಮಂಗಳವಾರ.

ಓಡಿಸಬೇಕಾದವನು ಹೇಮಪ್ಪನ ಡ್ರೈವರ್ ದಾದಾಪೀರ, ರಸೂಲಬಿಯ ತಮ್ಮ. ನಡೆಯಲು ಬರುವ ಮೊದಲೇ ತಾಯಿಯನ್ನು ಕಳೆದುಕೊಂಡ ಅವನನ್ನು ಸೊಂಟದ ಮೇಲೆ ಹೊತ್ತು ದೊಡ್ಡವನನ್ನಾಗಿ ಮಾಡಿದವಳು ಅವಳೇ.

ಅವಳು ಪರದೆ ಸರಿಸಿ ಗಂಡನನ್ನು ಕರೆದಳು. ಅವನು ಬಂದು ಗೆರೆಯನ್ನು ಬಹಳ ಹೊತ್ತು ನೋಡಿದ. ಈ ರಾಡು ಮುಂಬಯಿಯ ಗುಜರಿಯಲ್ಲೂ ಸಿಗುವುದು ಕಷ್ಟ, ಕಾಗದ ಬರೆದು ತರಿಸಬೇಕೆಂದರೆ ಎರಡು ತಿಂಗಳು ಎಂದ. ಆಮೇಲೆ ದನಿ ತಗ್ಗಿಸಿ, "ಮೊದಲಿಂದಾನೂ ಇದ್ದೀತು. ಇಷ್ಟ ದಿನ ಓಡಿಲ್ಲೇನು?" ಎಂದ.

"ಇಷ್ಟ ದಿನ ಹಳೇ ಜೋರಿನಾಗ ಓಡೇತಿ. ಈಗ ನೀವು ಹೆಡ್ ಹೆರಸೀರಿ. ಹೊಡತ ಎಲ್ಲಾ ಇದರ ಮ್ಯಾಲೇ ಬೀಳತೈತಿ. ಓಡೂವಾಗ ಮುರದ್ರ ಗಾಲಿ ಬಿಗದು ಗಾಡಿ ಪಲ್ಟಿ ಹೊಡೀತೈತಿ."

ಅವನು ಎಮರಿ ಕಾಗದ ತಂದು ಕುಳಿತ. ಮಧ್ಯಾಹ್ನದ ತನಕ ಉಜ್ಜಿದ. ರಾಡಿನ ಕೊರಳು ಕನ್ನಡಿಯಾಯಿತು. ಅವಳು ಮತ್ತೆ ನೆನೆಸಿದಳು, ಒರೆಸಿದಳು, ಸುಣ್ಣ ಬಳಿದು ಹೊತ್ತು ಇಳಿಯುವವರೆಗೂ ಕಾದಳು. ಸುಣ್ಣ ಬೆಳ್ಳಗೇ ಇತ್ತು.

"ಹೋತಲ್ಲ?" ಎಂದ ಕುತುಬುದ್ದೀನ.

ಅವಳು ಸುಣ್ಣ ಒರೆಸತೊಡಗಿದಳು. ಉಜ್ಜಿದಾಗ ಉಕ್ಕಿನ ಮೈ ಸವರಿಕೊಂಡು ಬಿರುಕಿನ ಬಾಯಿ ಮುಚ್ಚಿಬಿಡುತ್ತದೆ, ಒಳಗೆ ಅದು ಹಾಗೇ ಇರುತ್ತದೆ. ಇದನ್ನು ಅವಳಿಗೆ ಕಲಿಸಿದವನು ಅವನೇ.

ನಾಲ್ಕು ವರ್ಷದ ಹಿಂದೆ ಲಾರಿ ಮಾಲೀಕನೊಬ್ಬನೆದುರು ಇಂಥದೇ ಒಂದು ಬಿರುಕನ್ನು ಅವಳು ಪರದೆಯ ಹಿಂದಿನಿಂದಲೇ ಹೇಳಿಬಿಟ್ಟಿದ್ದಳು. ಕೂತವರು ನಕ್ಕಿದ್ದರು. ತಿಂಗಳುಗಟ್ಟಲೆ ಊರು ಕುತುಬುದ್ದೀನನನ್ನು, ಬಳೆ ತೊಟ್ಟವನೆಂಬ ಅರ್ಥದಲ್ಲಿ, "ಬಳಿ ಮಿಸ್ತ್ರಿ" ಎಂದು ಕರೆಯಿತು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಇಪ್ಪತ್ತು ದಿನ ಅವಳ ಕೈಯಿಂದ ನೀರು ಕೂಡ ತೆಗೆದುಕೊಳ್ಳಲಿಲ್ಲ, ಅಷ್ಟೆ. ಆಮೇಲೆ ಅವಳು ಕಂಡದ್ದನ್ನು ಅವನಿಗಷ್ಟೇ ಹೇಳತೊಡಗಿದಳು. ಹೊರಗೆ ಅದು ಅವನ ಮಾತಾಗಿ ಹೋಗುತ್ತಿತ್ತು.

ಬುಧವಾರ ಎಂಜಿನ್ ಕೂಡಿಸಿದರು. ಅವಳು ಒಂದೊಂದೇ ಸಾಮಾನು ಒರೆಸಿ ಕೊಡುತ್ತ ಹೋದಳು. ಮೂರನೆಯ ರಾಡನ್ನೂ ಅವಳೇ ಒರೆಸಿ ಅವನ ಕೈಗಿಟ್ಟಳು.

ಗುರುವಾರ ಹತ್ತು ಗಂಟೆಗೆ ಹೇಮಪ್ಪ ಇಬ್ಬರು ಗೆಳೆಯರೊಂದಿಗೆ ಬಂದು ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಸಿಕೊಂಡ. ಕುತುಬುದ್ದೀನ ಎಂಜಿನ್ ಚಾಲೂ ಮಾಡಿದಾಗ ಹಿತ್ತಲಿನ ತಗಡು ಅದುರಿತು. ಹೇಮಪ್ಪನ ಮುಖ ಅರಳಿತು. ಗೆಳೆಯರು ಅವನನ್ನೂ ಒಳಗೆ ಕೂರಲು ಒತ್ತಾಯಿಸಿದರು. ಅವನು ಹೊಟ್ಟೆ ಸವರಿಕೊಂಡ. "ಮೊದಲ ನೀ ಮೋಟೆಬೆನ್ನೂರ ಕ್ರಾಸ್ ತನಕಾ ಹೋಗಿ ಬಾರೋ ದಾದಾಪೀರ. ಆಮ್ಯಾಲ ನಾ ಕುಂದ್ರತೇನಿ."

ದಾದಾಪೀರ ನೀರು ಕುಡಿಯುವ ನೆಪದಲ್ಲಿ ಪರದೆಯ ಒಳಗೆ ಬಂದ. ಲೋಟ ತೆಗೆದುಕೊಳ್ಳುತ್ತ ಮೆಲ್ಲಗೆ ಕೇಳಿದ: "ಭಾವ ಎಲ್ಲಾ ಚಲೋ ಐತಿ ಅಂತಾನ. ಅವನ ಮಾತ ಬಿಡು. ಆಪಾ, ನೀ ನೋಡೀದಿ ಹೌದಿಲ್ಲೊ?"

ಕುತುಬುದ್ದೀನ ಪರದೆಯ ಅಂಚಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಅವನು ಅವಳತ್ತ ನೋಡಲಿಲ್ಲ. ಕೈಯಲ್ಲಿದ್ದ ಬಟ್ಟೆ ಮಾತ್ರ ನಿಂತಿತು. ಹೊರಗೆ ಯಾರೋ ಏನೋ ಹೇಳಿದರು, ಉಳಿದವರು ನಕ್ಕರು.

"ನೋಡೇನಿ," ಎಂದಳು ರಸೂಲಬಿ.

"ಸಾಕು ಬಿಡು. ಗಡ್ಡದ ಗಂಡಸರ ಕಣ್ಣಿಗಿಂತ ನಿನ್ನ ಕಣ್ಣ ಖರೇ." ಅವನು ಗಟಗಟನೆ ನೀರು ಕುಡಿದು ಲೋಟವನ್ನು ಅವಳ ಕೈಗೆ ಕೊಟ್ಟ.

"ಸಾವಕಾಶ ಹೋಗು."

"ಸಾವಕಾಶ ಹೋಗಾಕ ಇಷ್ಟೆಲ್ಲಾ ಮಾಡ್ಯಾರೇನ ಆಪಾ?" ನಗುತ್ತ ಹೊರಗೆ ಹೋದ.

ಗಾಡಿ ಊರು ದಾಟುವವರೆಗೆ ಗುರುಗುಟ್ಟುತ್ತ ಹೋಯಿತು. ಆಮೇಲೆ ಅದರ ದನಿ ಏರತೊಡಗಿತು. ಒಂದು ಗೇರು, ಮತ್ತೊಂದು ಗೇರು, ಇನ್ನೂ ಮೇಲೆ. ಕುತುಬುದ್ದೀನ ತಲೆ ಓರೆ ಮಾಡಿ ಕೇಳುತ್ತಿದ್ದ. ತುಂಬಿದ ಸಭೆಯಲ್ಲಿ ತನ್ನ ಹೆಸರು ಕರೆದದ್ದನ್ನು ಕೇಳಿದವನ ಮುಖದಂತೆ ಅವನ ಮುಖವಿತ್ತು. ಕೊನೆಗೆ ಗಾಳಿ ಆ ದನಿಯನ್ನು ಎತ್ತಿಕೊಂಡು ಹೋಯಿತು.

ರಸೂಲಬಿ ಚಹಾ ಮಾಡಿದಳು, ಕುತುಬುದ್ದೀನ ಹೊರಗೆ ಒಯ್ದು ಕೊಟ್ಟ. ಹೇಮಪ್ಪ ಬರುವ ಭಾನುವಾರ ಬಟ್ಟೆ ವ್ಯಾಪಾರಿಗೆ ಹೇಳಿ ಕಳಿಸುವ ಮಾತಾಡುತ್ತಿದ್ದ. ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆಯಾಯಿತು. ಹೇಮಪ್ಪ ಎರಡು ಸಲ ಗಡಿಯಾರ ನೋಡಿ, ಮೂರನೆಯ ಸಲ ನೋಡದೆ ಕೈಯನ್ನು ಜೇಬಿಗೆ ತುರುಕಿದ.

ರಸೂಲಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಪರದೆ ದಾಟಿ, ಗಂಡಸರ ಕುರ್ಚಿಗಳ ನಡುವೆಯೇ ನಡೆದು ರಸ್ತೆಯ ಅಂಚಿಗೆ ಬಂದಳು. ದಾವಣಗೆರೆಯ ಕಡೆಯಿಂದ ಲಾರಿಗಳು ಒಂದರ ಹಿಂದೊಂದು ಬಂದು, ದಾದಾಪೀರ ಹೋದ ಹಾವೇರಿಯ ಕಡೆಗೆ ಹೋಗುತ್ತಲೇ ಇದ್ದವು. ಹಾವೇರಿಯ ಕಡೆಯಿಂದ ಹತ್ತಿಯ ಚಕ್ಕಡಿಯೊಂದು ಬಂದು ದಾಟಿತು. ಆಮೇಲೆ ಆ ಕಡೆಯಿಂದ ಬಸ್ಸಾಗಲಿ, ಲಾರಿಯಾಗಲಿ, ಒಂದು ಸೈಕಲ್ ಮೋಟಾರಾಗಲಿ ಬರಲಿಲ್ಲ. ರಸ್ತೆಯ ಆ ಅರ್ಧ ಕಣ್ಣು ಹರಿಯುವಷ್ಟು ದೂರ ಖಾಲಿಯಾಗಿ ಹೊಳೆಯುತ್ತಿತ್ತು. ಎಲ್ಲಿಂದಲೋ ಬಂದ ನಾಯಿಯೊಂದು ಅದರ ಮೇಲೆ ಎರಡು ಸುತ್ತು ತಿರುಗಿ, ಬೆಚ್ಚಗಿನ ಡಾಂಬರಿಗೆ ಮೈ ಚಾಚಿ ಮಲಗಿತು.