ಥಿಸಲ್ ಹಾಲ್‌ನಲ್ಲಿ ರಿವೆಟ್ ಹಿಡಿದವನು

ಗ್ಲ್ಯಾಸ್ಗೋದಲ್ಲಿ ನಮ್ಮ ಗೋವನ್ ಬೀದಿಯ ಥಿಸಲ್ ಹಾಲ್ ಈಗ ಸಿನಿಮಾ ಮಂದಿರ. ಅದರ ಚರಿತ್ರೆ ಬರೆಯುವವರು ಬಂದು, ಅಲ್ಲಿ ಯಾರ್ಯಾರು ಹಾಡಿದರು, ಕುಣಿದರು ಎಂದು ಕೇಳುತ್ತಾರೆ. ಯಾರು ಸತ್ತರು ಎಂದು ಒಬ್ಬನೂ ಕೇಳಿಲ್ಲ. ಇವರ ಚರಿತ್ರೆಗಿಷ್ಟು ಬೆಂಕಿ ಬೀಳಲಿ.

ಆಗ ನಾನಲ್ಲಿ ಪಿಯಾನೊ ನುಡಿಸುತ್ತಿದ್ದೆ. ಶನಿವಾರ ಮಧ್ಯಾಹ್ನ ಹಡಗುಕಟ್ಟೆಯ ಕೆಲಸ ಮುಗಿಸಿದವರೆಲ್ಲ ಮೇಲಿನ ಅಗ್ಗದ ಗ್ಯಾಲರಿಗೆ ನುಗ್ಗುತ್ತಿದ್ದರು. ಹಾಡು ಹಿಡಿಸದಿದ್ದರೆ ಜೇಬಿನಿಂದ ರಿವೆಟ್ ತೆಗೆದು ಎಸೆಯುವುದು ಅವರ ರೂಢಿ. ಹಡಗಿನ ತಗಡು ಕೂಡಿಸುವ, ಹೆಬ್ಬೆರಳು ಗಾತ್ರದ ಕಬ್ಬಿಣ ಅದು.

ನನ್ನ ಗಂಡ ಫರ್ಗಸ್ ಮುಷ್ಕರ ಮುರಿದು ಕೆಲಸಕ್ಕೆ ಹೋಗಿದ್ದ. ಮಗು ಹಸಿದಿತ್ತು, ಹೋದ. ಮುಷ್ಕರ ಮುಗಿದ ಮೇಲೆ ಯಾವ ಹಡಗುಕಟ್ಟೆಯ ಕೆಲಸಗಾರರೂ ಅವನನ್ನು ಜೊತೆಗೆ ಸೇರಿಸಲಿಲ್ಲ. ಉಳಿದದ್ದು ಕಂಠವೊಂದೇ.

"ಮೂರು ಚರಣ ನಿಂತು ಹಾಡು, ಕೆಲಸ ನಿಂದು. ಓಡಿದ್ಯೋ, ಮತ್ತೆ ಈ ಕಡೆ ತಲೆ ಹಾಕ್ಬೇಡ," ಎಂದಿದ್ದ ಥಿಸಲ್ ಹಾಲ್ ಮ್ಯಾನೇಜರ್.

ಫರ್ಗಸ್ ತನ್ನ ಹಳೆಯ ತಗಡಿನ ಡಬ್ಬಿ ಹಿಡಿದೇ ರಂಗಕ್ಕೆ ಬಂದ. ಕಟ್ಟೆಯಲ್ಲಿ ಅವನ ತಮ್ಮ ರಾಬ್ ಕುಲುಮೆಯಿಂದ ಕಾದ ರಿವೆಟ್ ಎಸೆದರೆ, ಇವನು ಆ ಡಬ್ಬಿಯಲ್ಲಿ ಹಿಡಿಯುತ್ತಿದ್ದ. ಎಸೆಯುವ ಮೊದಲು ರಾಬ್ "ಅಣ್ಣಾ, ಬಂತು" ಎಂದು ಕೂಗಬೇಕು, ಕೂಗಿದತ್ತ ಫರ್ಗಸ್ ತಿರುಗಬೇಕು. ಒಂಬತ್ತು ವರ್ಷ ಇದೇ ಕೆಲಸ.

"ಏನೋ ದ್ರೋಹಿ, ಮುಷ್ಕರದಲ್ಲಿ ತಿಂದಿದ್ದು ಅರಗ್ತೇನೋ?" ಎಂದಿತು ಗ್ಯಾಲರಿ. ಮೊದಲ ರಿವೆಟ್ ಬಂತು. ಟಣ್ಣೆಂದು ಡಬ್ಬಿಗೆ ಬಿತ್ತು.

"ಇನ್ನೂ ಹಸಿವಿದೆ, ಬಡಿಸ್ರಪ್ಪ," ಎಂದ ಫರ್ಗಸ್.

ಹಾಡು ನಿಲ್ಲಿಸಲಿಲ್ಲ. ಕಿವಿ ಹರಿಯಿತು, ಹುಬ್ಬು ಒಡೆಯಿತು, ರಕ್ತ ಅಂಗಿಗೆ ಇಳಿಯಿತು. ಎರಡನೇ ಚರಣಕ್ಕೆ ಕೆಲವರು ನಕ್ಕರು, ಮೂರನೆಯದಕ್ಕೆ ಚಪ್ಪಾಳೆ ಬಿತ್ತು. ಗೆದ್ದ ಎಂದುಕೊಂಡೆ. ನನಗೆ ಅಳು ಬಂತು.

ಆಗ ಬಲಗಡೆಯಿಂದ ಯಾವನೋ ಗುರಿಯಿಟ್ಟು ಬೀಸಿದ. ಗ್ಯಾಲರಿಯ ಎಡತುದಿಯಲ್ಲಿದ್ದ ರಾಬ್ ಅದನ್ನು ಕಂಡು, "ಅಣ್ಣಾ, ಬಂತು," ಎಂದು ಕೂಗಿದ. ಫರ್ಗಸ್ ದನಿ ಬಂದತ್ತ ತಿರುಗಿ ಡಬ್ಬಿ ಎತ್ತಿದ. ಆ ಕಡೆಯಿಂದ ಏನೂ ಬರಲಿಲ್ಲ. ಬಲಗಡೆಯ ರಿವೆಟ್ ಅವನ ಕಣತಲೆಗೆ ಬಡಿದು ಎಲುಬು ಒಡೆಯಿತು.

ಅವನು ಬಿದ್ದದ್ದೂ ಆಟವೇ ಎಂದುಕೊಂಡು ಗ್ಯಾಲರಿ ಕುಣಿಯಿತು.

ರಾಬ್ ಓಡಿ ಇಳಿದು ಬರುವಷ್ಟರಲ್ಲಿ ಫರ್ಗಸ್ ನನ್ನ ತೊಡೆಯ ಮೇಲೆ ಸತ್ತಿದ್ದ.

"ಹುಷಾರು ಅಂತ ಹೇಳೋಕೆ ಕೂಗ್ದೆ ಅತ್ತಿಗೆ. ಬಾಯಿಗೆ ಬೇರೆ ಮಾತೇ ಬರ್ಲಿಲ್ಲ."

ನಾನು ಪಿಯಾನೊ ಸ್ಟೂಲನ್ನು ಎತ್ತಿ ಆ ಬಾಯಿಗೇ ಹೊಡೆದೆ. ಹಲ್ಲು ಉದುರಿದವು. ಅವನು ಕೈ ಅಡ್ಡ ತರಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಅದಕ್ಕೇ ಮತ್ತೆ ಹೊಡೆದೆ.