ಹ್ಯಾಂಗ್ ಆದ ದಿನ, ಹೊತ್ತು

‘ಕಂಪ್ಯೂಟರ್ ಆಗಾಗ ಹ್ಯಾಂಗ್ ಆಗುತ್ತೆ, ಯಾವಾಗ ಅಂತ ಹೇಳೋಕಾಗಲ್ಲ’ ಎನ್ನುವ ಗಿರಾಕಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ರಿಪೇರಿಯವನ ಎದುರು ಅದು ಎಂದೂ ಹ್ಯಾಂಗ್ ಆಗುವುದಿಲ್ಲ. ಅದಕ್ಕೇ, “ಯಾವತ್ತು, ಎಷ್ಟು ಹೊತ್ತಿಗೆ ನಿಲ್ಲುತ್ತೆ, ಆಗ ಏನು ಮಾಡ್ತಿದ್ರಿ, ಎಲ್ಲಾ ಒಂದು ಪುಸ್ತಕದಲ್ಲಿ ಬರೆದುಕೊಂಡು ಬನ್ನಿ” ಎಂದು ಸಾಗಹಾಕುತ್ತೇನೆ. ಹತ್ತರಲ್ಲಿ ಎಂಟು ಜನ ಮತ್ತೆ ಅಂಗಡಿಯತ್ತ ತಲೆ ಹಾಕುವುದಿಲ್ಲ.

ಅದೇ ಮಾತನ್ನು ಹೆಂಡತಿಗೂ ಹೇಳಿದೆ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಎಲ್ಲರ ಅಳತೆಗಳೂ ಹೊಲಿಗೆ ಮೆಷಿನ್ನಿನ ಪಕ್ಕದ ಕಂಪ್ಯೂಟರಿನಲ್ಲಿದ್ದವು.

“ರೀ, ಇವತ್ತೂ ನಿಂತುಹೋಯ್ತು.”

“ಬರೆದಿಡು. ಭಾನುವಾರ ನೋಡ್ತೀನಿ.”

ಅಂಥ ಭಾನುವಾರಗಳು ಎಷ್ಟು ಕಳೆದವೋ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಅವಳು ಹೋಗಿ ಇಪ್ಪತ್ತು ದಿನವಾಯಿತು. ಹೃದಯಾಘಾತ. ಮೆಟ್ಟಿಲ ಮೇಲೆ ಕುಸಿದವಳು ಆಸ್ಪತ್ರೆ ಮುಟ್ಟಲಿಲ್ಲ. “ಒಂದು ಸೂಚನೆಯೂ ಇರಲಿಲ್ಲ” ಎಂದು ಬಂದವರಿಗೆಲ್ಲ ಹೇಳಿದೆ. ಹಾಗೆಂದೇ ನಂಬಿದ್ದೆ.

ನಿನ್ನೆ ನಾದಿನಿ ಬಂದಳು. “ಭಾವ, ಅಕ್ಕ ಕತ್ತರಿಸಿಟ್ಟ ಬಟ್ಟೆಗಳು ಹಾಗೇ ಇವೆ. ಅಳತೆ ಸಿಕ್ಕಿದ್ರೆ ನಾನೇ ಹೊಲಿದು ಕೊಡ್ತೀನಿ” ಎಂದಳು. ಕಂಪ್ಯೂಟರ್ ಹಾಕಿದೆವು. ಹತ್ತು ನಿಮಿಷಕ್ಕೆ ನಿಂತಿತು, ಮೌಸ್ ಅಲ್ಲಾಡಲಿಲ್ಲ. ಆರಿಸಿ ಹಾಕಿದರೆ ಐದೇ ನಿಮಿಷ.

ಪೆಟ್ಟಿಗೆ ಬಿಚ್ಚಿದೆ. ಫ್ಯಾನಿನ ಕೆಳಗೆ ಬಟ್ಟೆಯ ನೂಲು, ಜುಂಗು ಹತ್ತಿಯ ಹಾಗೆ ಒತ್ತಿಕೊಂಡು ಕೂತಿತ್ತು. ಗಾಳಿಯಾಡದೆ ಬಿಸಿಯೇರಿ ನಿಲ್ಲುತ್ತಿತ್ತು, ಅಷ್ಟೇ. ಅದರಲ್ಲಿ ನನ್ನ ನೀಲಿ ಅಂಗಿಯ ಎಳೆಯೂ ಇತ್ತು. ಬ್ರಷ್ ಹಿಡಿದು ಎಲ್ಲ ತೆಗೆದೆ. ಇಪ್ಪತ್ತು ನಿಮಿಷದ ಕೆಲಸ.

ಅಷ್ಟರಲ್ಲಿ ನಾದಿನಿ ಊಟದ ಮೇಜಿನ ಮೇಲಿದ್ದ ಪುಸ್ತಕವನ್ನು ತಂದಳು. “ಅಕ್ಕನ ಅಕ್ಷರ. ಇದರಲ್ಲೂ ಅಳತೆ ಇದೆಯೇನೋ ನೋಡಿ.”

ಅಳತೆಯಲ್ಲ. ‘ಮಂಗಳವಾರ, 3:10. ರವಿಕೆ ಅಳತೆ ಹಾಕುವಾಗ ನಿಂತಿತು. ಫ್ಯಾನ್ ಜೋರಾಗಿ ಕೂಗ್ತಿತ್ತು. ಮುಟ್ಟಿದರೆ ಬಿಸಿ.’ ಹೀಗೆ ಪುಟಗಟ್ಟಲೆ. ನನ್ನ ಗಿರಾಕಿಗಳಲ್ಲಿ ಒಬ್ಬರೂ ಇಷ್ಟು ಚೆನ್ನಾಗಿ ಬರೆದು ತಂದಿರಲಿಲ್ಲ. ಮೊದಲ ಪುಟ ಓದಿದ್ದರೆ ಸಾಕಿತ್ತು.

ಪುಟ ತಿರುಗಿಸಿದೆ.

‘ಶುಕ್ರವಾರ, 11:40. ಕಂಪ್ಯೂಟರ್ ಸರಿ ಇತ್ತು. ಮೆಟ್ಟಿಲು ಹತ್ತಿ ಬಂದ ಮೇಲೆ ನನಗೇ ಎದೆ ಹಿಡಿದ ಹಾಗಾಯ್ತು. ಹತ್ತು ನಿಮಿಷ ಕೂತೆ.’

‘ಸೋಮವಾರ, 5:00. ಮತ್ತೆ ಎದೆ. ಎಡಗೈಯೂ ನೋವು. ಹೇಳಿದ್ರೆ ಇವರು ಬರೆದಿಡು ಅಂತಾರೆ. ಅದಕ್ಕೇ ಬರೆದಿದ್ದೀನಿ. ಪುಸ್ತಕ ನೋಡೋವಾಗ ಹೇಗೂ ಕಣ್ಣಿಗೆ ಬೀಳುತ್ತೆ.’

ಅಂಥವು ಇನ್ನೂ ಒಂಬತ್ತು ಇದ್ದವು. ಒಂದೊಂದಕ್ಕೂ ದಿನ, ಹೊತ್ತು. ನಾನು ಹೇಳಿಕೊಟ್ಟ ಹಾಗೇ.

ನಾದಿನಿ ನನ್ನ ಹೆಗಲ ಮೇಲಿಂದ ಓದುತ್ತಿದ್ದಳು. “ಭಾವ, ಇದನ್ನ ನೀವು ನೋಡಿರಲಿಲ್ವಾ?”

“ಇಲ್ಲಮ್ಮ.”

ಅವಳು ಕಣ್ಣೊರೆಸಿಕೊಂಡು ಅಳತೆಗಳನ್ನು ಒಂದೊಂದಾಗಿ ಬರೆದುಕೊಂಡಳು. ಕಂಪ್ಯೂಟರ್ ಎರಡು ಗಂಟೆ ಒಮ್ಮೆಯೂ ನಿಲ್ಲದೆ ನಡೆಯಿತು. ನನಗೆ ಅಳು ಬಂತು. ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಪುಸ್ತಕ ಮುಚ್ಚಿದೆ. ರಟ್ಟಿನ ತುಂಬ ಒಂದರ ಮೇಲೊಂದು ದುಂಡನೆಯ ಕಲೆಗಳು. ದಿನಾ ಊಟಕ್ಕೆ ಕೂತಾಗ ನಾನು ನೀರಿನ ಲೋಟ ಇಡುತ್ತಿದ್ದದ್ದು ಅದರ ಮೇಲೆಯೇ.