ಅಜ್ಜಿಯ ಮಂಚಕ್ಕೆ ಕಾಗದವಿಲ್ಲ

ಸೊಸೆಯನ್ನು ಹೊಗಳುವ ಅತ್ತೆ ಲೋಕದಲ್ಲೇ ಇಲ್ಲ ಎಂದು ಯಾರಾದರೂ ವಾದಕ್ಕೆ ನಿಂತರೆ, ಆ ಬೀದಿಯ ಜನ ಅವರನ್ನು ಸೀದಾ ಮೂಲೆಮನೆಯ ಮೇಲಿನ ಮಹಡಿಗೆ ಕಳಿಸುತ್ತಿದ್ದರು. ಅಲ್ಲಿ ಕಂಡಕ್ಟರಮ್ಮ ಇದ್ದಳು. ಬಸ್ಸಿನ ಕೆಲಸದಿಂದ ಅವಳು ನಿವೃತ್ತಳಾಗಿ ಎಷ್ಟೋ ಕಾಲವಾಗಿತ್ತು, ಹೆಸರಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. "ನಮ್ಮ ಸೊಸೆ" ಎಂದು ಒಮ್ಮೆ ಬಾಯಿ ತೆರೆದಳೆಂದರೆ, ಕೇಳುವವರು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇವೆ ಎಂದು ಸುಳ್ಳು ಹೇಳಿಯೇ ತಪ್ಪಿಸಿಕೊಳ್ಳಬೇಕಿತ್ತು.

ಹೊಗಳಲು ಕಾರಣವೂ ಇತ್ತೆನ್ನಿ. ಸೊಸೆ ಪೇಟೆಯ ದೊಡ್ಡ ಹೊಲಿಗೆ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಯಾವ ಭುಜ ತಗ್ಗು, ಯಾವ ಭುಜ ಉಬ್ಬು ಎಂದು ಕಣ್ಣಲ್ಲೇ ಅಳೆದುಬಿಡುವಳು. ಅಂಥವಳೂ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಕಾಗದಕ್ಕೆ ಹಾಕುತ್ತಿದ್ದಳು. ಕಾಗದ ಮೈಗೆ ಒಪ್ಪಿದ ಮೇಲೆಯೇ ಬಟ್ಟೆ ಮೇಜಿಗೆ ಬರಬೇಕು. ಅಲ್ಲಿಯವರೆಗೆ ಅವಳ ತುಟಿಗಳ ನಡುವೆ ಗುಂಡುಸೂಜಿಗಳು ಸಾಲಾಗಿ ಕುಳಿತಿರುತ್ತಿದ್ದವು, ಆದ್ದರಿಂದ ಏನು ಕೇಳಿದರೂ ಉತ್ತರ "ಹ್ಞೂಂ" ಅಥವಾ "ಉಹ್ಞೂಂ". ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದಾದರೆ ಕೆಲಸದ ಹೊತ್ತಿನಲ್ಲಿ ಸೊಸೆ ಬಂಗಾರದ ಗಣಿಯೇ ಆಗಿದ್ದಳು.

ಈಗ ಅವಳಿಗೆ ಎರಡನೆಯ ಬಸಿರು. ಮನೆಯಲ್ಲಿದ್ದದ್ದು ಒಂದು ನಡುಮನೆ, ಒಂದು ಒಳಕೋಣೆ, ಬಾಗಿದರೆ ಬೆನ್ನು ಗೋಡೆಗೆ ತಾಗುವಂಥ ಅಡುಗೆಮನೆ. ನಡುಮನೆಯ ಕಿಟಕಿಯ ಕೆಳಗೆ ಕಂಡಕ್ಟರಮ್ಮನ ಮಂಚ. ಒಳಕೋಣೆಯಲ್ಲಿ ಮಗ, ಸೊಸೆ, ಅವರಿಬ್ಬರ ನಡುವೆ ಕೈಕಾಲು ಹರಡಿಕೊಂಡು ಮೊಮ್ಮಗಳು. ಆ ಹುಡುಗಿಯನ್ನು ಮನೆಯವರೆಲ್ಲ ತಕರಾರು ಎಂದೇ ಕರೆಯುತ್ತಿದ್ದರು. ನೀರು ಬಿಸಿಯಾದರೆ ಬಿಸಿ, ತಣ್ಣಗಾದರೆ ತಣ್ಣಗೆ, ಹದವಾಗಿದ್ದರೆ ಯಾಕೆ ಹದವಾಗಿದೆ ಎಂದು ಕೇಳುವ ಪೈಕಿ ಅದು.

"ತೊಟ್ಟಿಲು ಎಲ್ಲಿಡೋದೇ?" ಎಂದು ಮಗ ಒಂದು ಸಂಜೆ ಹೆಂಡತಿಯನ್ನು ಕೇಳಿದ. ಅವನದು ಲಿಫ್ಟ್ ರಿಪೇರಿ ಕೆಲಸ. ದಿನವೆಲ್ಲ ಕಟ್ಟಡಗಳಲ್ಲಿ ಮೇಲೆ ಕೆಳಗೆ ಹೋಗಿ ಬರುವವನಿಗೆ ಅಡ್ಡಡ್ಡ ಯೋಚಿಸುವುದು ಅಷ್ಟಾಗಿ ಹತ್ತುತ್ತಿರಲಿಲ್ಲ.

ಸೊಸೆ ಕಣ್ಣಲ್ಲೇ ಕೋಣೆಯ ಉದ್ದಗಲ ಅಳೆದಳು. ಮರುದಿನ ಅಂಗಡಿಯಿಂದ ಬರುವಾಗ ಒಂದು ಹೊರೆ ಹಳೆಯ ಪತ್ರಿಕೆ ತಂದಳು. ಹಾಳೆಗೆ ಹಾಳೆ ಅಂಟಿಸಿ, ಅಳತೆಯ ಟೇಪು ಹಿಡಿದು, ತೊಟ್ಟಿಲಿನಷ್ಟು ಅಗಲದ ಕಾಗದದ ತೊಟ್ಟಿಲು ಕತ್ತರಿಸಿದಳು. ಬೀರುವಿಗೊಂದು ಕಾಗದ, ಒಳಕೋಣೆಯ ದೊಡ್ಡ ಮಂಚಕ್ಕೊಂದು, ಮಗುವಿನ ಬಟ್ಟೆ ಇಡುವ ಪೆಟ್ಟಿಗೆಗೊಂದು, ತಕರಾರಿಗೆ ಬರಲಿರುವ ಚಿಕ್ಕ ಮಂಚಕ್ಕೊಂದು. ಎಲ್ಲವನ್ನೂ ನೆಲದ ಮೇಲೆ ಹಾಸಿದಳು. ಆಮೇಲೆ ಬಾಯಿಂದ ಸೂಜಿ ತೆಗೆದು ಮನೆಗೆಲ್ಲ ಕೇಳುವಂತೆ ಕಾನೂನು ಹೇಳಿದಳು.

"ಕಾಗದ ಇದ್ದಲ್ಲಿ ಸಾಮಾನಿದೆ ಅಂತ ತಿಳ್ಕೊಳ್ಳಿ. ಯಾರೂ ತುಳೀಬಾರದು. ಒಂದಷ್ಟು ದಿನ ಹೀಗೇ ಓಡಾಡಿ ನೋಡೋಣ, ಎಲ್ಲಿ ಎಡವ್ತೀವೋ ಗೊತ್ತಾಗತ್ತೆ."

"ನಾನು ತುಳಿದ್ರೆ?" ಎಂದಿತು ತಕರಾರು.

"ತೊಟ್ಟಿಲು ತುಳಿದ ಹಾಗೆ."

ಅಂದಿನಿಂದ ಮನೆ ನಾಟಕದ ರಂಗವಾಯಿತು. ಇಲ್ಲದ ಬೀರುವನ್ನು ಬಳಸಿಕೊಂಡು ಮಗ ಪಕ್ಕಕ್ಕೆ ತಿರುಗಿ ನಡೆಯುತ್ತಿದ್ದ. ಒಮ್ಮೆ ಮರೆತು ತೊಟ್ಟಿಲಿನ ನಡುವೆ ಕಾಲಿಟ್ಟವನು, ಮಗಳು ಕೂಗಿದ ರಭಸಕ್ಕೆ ಕಾಗದಕ್ಕೆ ಕೈ ಮುಗಿದು ಕ್ಷಮೆ ಕೇಳಿದ. ಕಂಡಕ್ಟರಮ್ಮ ತನ್ನ ಮಂಚದ ಮೇಲೆ ಕುಳಿತು ಈ ತಮಾಷೆ ನೋಡುತ್ತ ಸೊಸೆಯ ಬುದ್ಧಿಗೆ ತಲೆದೂಗುತ್ತಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಇರುವ ನೆಲವನ್ನೇ ಹೀಗೆ ಹಿಗ್ಗಿಸುವವರು ಎಲ್ಲಿ ಸಿಗುತ್ತಾರೆ? ತುಂಬು ಹೊಟ್ಟೆ ಹೊತ್ತು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಬೀರುವಿನ ಕಾಗದವನ್ನು ಗೇಣಷ್ಟು ಆಚೆ, ಬೆರಳಷ್ಟು ಈಚೆ ಸರಿಸುತ್ತಿದ್ದ ಅವಳನ್ನು ನೋಡಿದಾಗ ಮುದುಕಿಗೆ ಹೆಮ್ಮೆಯಿಂದ ಕಣ್ಣು ತುಂಬುತ್ತಿತ್ತು.

ಕಣ್ಣು ಬೇರೆ ಕಾರಣಕ್ಕೆ ತುಂಬಿದ್ದು ವಾರದ ನಡುವೆ. ತಕರಾರಿನ ಚಿಕ್ಕ ಮಂಚಕ್ಕೆ ಮಾತ್ರ ಎಲ್ಲೂ ಜಾಗ ಒಪ್ಪುತ್ತಿರಲಿಲ್ಲ. ಬಾಗಿಲ ಬಳಿ ಹಾಕಿದರೆ ಬಾಗಿಲು ತೆರೆಯದು, ಮೇಜಿನ ಬಳಿ ಹಾಕಿದರೆ ಕುರ್ಚಿ ಎಳೆಯಲಾಗದು. ಸೊಸೆ ನಡುಮನೆಯ ನಟ್ಟನಡುವೆ ನಿಂತು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಕಷ್ಟಪಟ್ಟು ಮಂಡಿಯೂರಿ, ಆ ಕಾಗದವನ್ನು ಅತ್ತೆಯ ಮಂಚದ ಕೆಳಗೆ ಗೋಡೆಯವರೆಗೂ ತಳ್ಳಿ, ಎದ್ದು, ದೂರದಿಂದ ನೋಡಿ, "ಹ್ಞೂಂ" ಎಂದಳು. ಆ "ಹ್ಞೂಂ" ಎಂಥದ್ದೆಂದು ಕಂಡಕ್ಟರಮ್ಮನಿಗೆ ಗೊತ್ತು. ಒಪ್ಪಿತು, ಇನ್ನು ಕತ್ತರಿ ಹಾಕಬಹುದು ಎನ್ನುವ "ಹ್ಞೂಂ" ಅದು.

ಕಾಗದ ಇದ್ದಲ್ಲಿ ಸಾಮಾನಿದೆ. ಮೊಮ್ಮಗಳ ಮಂಚ ಕಿಟಕಿಯ ಕೆಳಗೆ ಬಂದಿತ್ತು. ಕಂಡಕ್ಟರಮ್ಮ ನೆಲವನ್ನೆಲ್ಲ ಕಣ್ಣಾಡಿಸಿ ನೋಡಿದಳು. ಬೀರು, ತೊಟ್ಟಿಲು, ಪೆಟ್ಟಿಗೆ, ನೀರಿನ ಬಕೆಟ್ಟಿಗೂ ಒಂದು ದುಂಡನೆಯ ಕಾಗದವಿತ್ತು. ತನ್ನ ಮಂಚಕ್ಕೆ ಮಾತ್ರ ಕಾಗದವೇ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಬಾಯಿಬಿಟ್ಟು ಕೇಳುತ್ತಿದ್ದರು. ಆದರೆ ಇವಳು ಇಡೀ ಜೀವಮಾನ ತುಂಬಿದ ಬಸ್ಸಿನಲ್ಲಿ ಸೀಟಿ ಊದಿದವಳು. ಒಬ್ಬರು ಇಳಿದರೆ ಒಬ್ಬರು ಹತ್ತಬೇಕು, ಇಳಿಯುವವರು ಬಾಗಿಲಲ್ಲಿ ನಿಂತು ರಂಪ ಮಾಡಬಾರದು ಎಂಬುದು ಅವಳಿಗೆ ರಕ್ತಗತ. ಸೊಸೆ ತಪ್ಪು ಲೆಕ್ಕ ಹಾಕುವವಳಲ್ಲ. ಅವಳೇ ಅಳೆದೂ ಸುರಿದೂ ನೋಡಿ ಜಾಗವಿಲ್ಲ ಎಂದ ಮೇಲೆ ಜಾಗವಿಲ್ಲ ಎಂದೇ ಅರ್ಥ. ಪಾಪ, ಹೇಗೆ ಹೇಳುವುದೆಂದು ಒದ್ದಾಡುತ್ತಿರಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ತಾನೇ ಹೊರಡುವುದು ಮೇಲು ಎಂದು ಕಂಡಕ್ಟರಮ್ಮ ನಿರ್ಧರಿಸಿದಳು. ನಿರ್ಧರಿಸಿದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ಸದ್ದಾಗದಂತೆ ಅತ್ತಳು.

ಬೇರೆ ಊರಿನಲ್ಲಿದ್ದ ತಂಗಿಗೆ ಫೋನು ಮಾಡಿದಳು. "ಬಾ ಅಕ್ಕ, ಧಾರಾಳವಾಗಿ ಬಾ," ಎಂದ ತಂಗಿ ಮರುಕ್ಷಣವೇ ದನಿ ತಗ್ಗಿಸಿ, "ಏನು, ಸೊಸೆ ಹೊರಗೆ ಹಾಕಿದ್ಲಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ನೆ ಹೇಳ್ತಾರಾ," ಎಂದಳು.

"ನಾಲಿಗೆ ಬಿಗಿ ಹಿಡಿದು ಮಾತಾಡು," ಎಂದಳು ಕಂಡಕ್ಟರಮ್ಮ. "ನನ್ನ ಸೊಸೆ ಬಗ್ಗೆ ಏನಾದ್ರೂ ಅಂದ್ರೆ ನಿನ್ನ ಮನೆಗೂ ಬರಲ್ಲ, ಬೀದೀಲಿ ಇರ್ತೀನಿ."

ಭಾನುವಾರ ಎಲ್ಲರೂ ಕೆರೆಯ ಪಕ್ಕದ ಉದ್ಯಾನಕ್ಕೆ ಹೊರಟರು. ಕೂಸು ಬಂದ ಮೇಲೆ ಇಂಥ ಓಡಾಟ ಸದ್ಯಕ್ಕಿಲ್ಲ ಎಂದು ಮಗನೇ ಹೊರಡಿಸಿದ್ದ. ಬಸ್ಸಿನಲ್ಲಿ ಕಂಡಕ್ಟರಮ್ಮ ಕಿಟಕಿಯ ಪಕ್ಕ ಕುಳಿತಳು. ತಕರಾರು ಅವಳ ತೊಡೆಯ ಮೇಲೆ ಕುಳಿತು, ಬಸ್ಸು ನಿಂತರೆ ಯಾಕೆ ನಿಂತಿತು, ಹೊರಟರೆ ಯಾಕೆ ಹೊರಟಿತು ಎಂದು ವಿಚಾರಣೆ ನಡೆಸಿತು. ಮುದುಕಿ ಪ್ರತಿಯೊಂದಕ್ಕೂ ಉತ್ತರ ಕೊಟ್ಟಳು. ಮುಂದಿನ ವಾರ ಈ ಪ್ರಶ್ನೆಗಳನ್ನು ಯಾರು ತಾಳಿಕೊಳ್ಳುತ್ತಾರೋ ಎಂದು ಅವಳಿಗೆ ಚಿಂತೆಯಾಯಿತು.

ಉದ್ಯಾನದಲ್ಲಿ ಮಕ್ಕಳ ಜಾರುಬಂಡೆಯ ಬಳಿ ದೊಡ್ಡ ಮರಳಿನ ಗುಂಡಿ ಇತ್ತು. ಅದರ ಅಂಚಿನ ಕಲ್ಲುಬೆಂಚಿನ ಮೇಲೆ ಅತ್ತೆ ಸೊಸೆ ಕುಳಿತರು. ಮಗ ಮಗಳ ಹಿಂದೆ ಜಾರುಬಂಡೆ ಏರಿ, ಸೊಂಟ ಸಿಕ್ಕಿಹಾಕಿಕೊಂಡು, ಹಿಂದೆ ನಿಂತ ಪುಟಾಣಿಗಳ ಕೈಲಿ ಬೈಸಿಕೊಳ್ಳುತ್ತಿದ್ದ. ಸೊಸೆ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಕಿತ್ತಳೆ ಹಣ್ಣು ಸುಲಿದು, ನಾರು ತೆಗೆದು, ಒಂದೊಂದೇ ತೊಳೆಯನ್ನು ಅತ್ತೆಗೆ ಕೊಡತೊಡಗಿದಳು. ಬಸುರಿ ತಾನು ತಿನ್ನುವ ಮೊದಲು ಅತ್ತೆಗೆ ಕೊಡುತ್ತಿದ್ದಾಳೆ. ಇಂಥವಳಿಗೆ ಕಷ್ಟ ಕೊಡಬಾರದು ಎಂದು ಕಂಡಕ್ಟರಮ್ಮನ ಮನಸ್ಸು ಇನ್ನಷ್ಟು ಗಟ್ಟಿಯಾಯಿತು.

"ಮುಂದಿನ ವಾರ ತಂಗಿ ಮನೆಗೆ ಹೋಗ್ತೀನಿ ಕಣಮ್ಮ," ಎಂದಳು.

"ಹೋಗಿ ಬನ್ನಿ ಅತ್ತೆ. ಡಾಕ್ಟ್ರು ಹೇಳಿದ ದಿನಕ್ಕಿಂತ ಮೊದಲೇ ಬಂದುಬಿಡಿ."

"ಬರೋದೇನಿಲ್ಲ. ಅಲ್ಲೇ ಇದ್ದುಬಿಡ್ತೀನಿ. ಚಿಕ್ಕೋಳಿಗೆ ಮಂಚ ಬೇಕಲ್ಲ, ಜಾಗ ಆಗತ್ತೆ. ನಂಗೇನೂ ಬೇಜಾರಿಲ್ಲ. ನೀನು ಅಳೆದಿದ್ದೀಯ ಅಂದ್ಮೇಲೆ ಅದು ಸರಿಯಾಗೇ ಇರತ್ತೆ."

ಸೊಸೆಯ ಕೈಯಲ್ಲಿದ್ದ ತೊಳೆ ಅಲ್ಲೇ ನಿಂತಿತು. ಬಾಯಲ್ಲಿ ಸೂಜಿ ಇಲ್ಲದ್ದರಿಂದ ಮಾತು ಸೀದಾ ಹೊರಟಿತು. ಅದರಲ್ಲಿ ಸಿಟ್ಟಿತ್ತು.

"ಏನು ಅಳೆದಿದ್ದೀನಿ ನಾನು?"

"ಎಲ್ಲದಕ್ಕೂ ಕಾಗದ ಕತ್ತರಿಸಿದೆ. ನನ್ನ ಮಂಚಕ್ಕೆ ಕತ್ತರಿಸಲಿಲ್ಲ. ಅವಳ ಮಂಚದ ಕಾಗದ ನನ್ನ ಜಾಗಕ್ಕೆ ಹಾಕಿದೆ. ನಾನೇನು ಅದನ್ನ ತಪ್ಪು ಅಂತ ಅನ್ನಲಿಲ್ಲಮ್ಮ."

ಸೊಸೆ ಎದ್ದಳು. ಬೆಂಚಿನ ಕೆಳಗೆ ಬಿದ್ದಿದ್ದ ಒಣಕಡ್ಡಿಯೊಂದನ್ನು ಬಗ್ಗಿ ಎತ್ತಿಕೊಂಡಳು. ಆ ಹೊಟ್ಟೆಯಲ್ಲಿ ಬಗ್ಗಬೇಡ ಎಂದು ಅತ್ತೆ ಹೇಳುವುದರೊಳಗೆ ಮರಳಿಗೆ ಇಳಿದಾಗಿತ್ತು.

"ಇಲ್ಲಿ ಬನ್ನಿ. ಅಂಗಡೀಲಿ ಕಾಗದದ ಮೇಲೆ ಮೊದಲು ಏನು ಎಳೀತೀವಿ ಗೊತ್ತಾ ಅತ್ತೆ? ನಡುಗೆರೆ. ಕುತ್ತಿಗೆ, ಭುಜ, ಸೊಂಟ, ಎಲ್ಲಾನೂ ಅದರಿಂದಲೇ ಅಳೆಯೋದು. ಅದು ಆಚೀಚೆ ಆದ್ರೆ ಇಡೀ ಅಂಗಿ ಸೊಟ್ಟ. ಆ ಗೆರೆ ಎಲ್ಲಿರಬೇಕು ಅಂತ ಯಾರೂ ಸರಿಸಿ ಸರಿಸಿ ನೋಡಲ್ಲ." ಅವಳು ಮರಳಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. "ಇದು ನಿಮ್ಮ ಮಂಚ. ಇದನ್ನ ಹಿಡಿದೇ ಉಳಿದದ್ದು ಅಳೆದದ್ದು. ಜಾಗ ಗೊತ್ತಿಲ್ಲದ್ದಕ್ಕೆ ಕಾಗದ ಕತ್ತರಿಸ್ತೀವಿ. ನಿಮ್ಮ ಜಾಗ ಗೊತ್ತಿಲ್ವಾ ನಂಗೆ?"

ಕಂಡಕ್ಟರಮ್ಮ ಬೆಂಚಿನಿಂದ ಇಳಿದು ಗೆರೆಯ ಹತ್ತಿರ ಬಂದಳು.

"ಅವಳ ಮಂಚ ಗಿಡ್ಡ, ಕಾಲಿಗೆ ಗಾಲಿ ಇರತ್ತೆ. ಹಗಲು ನಿಮ್ಮ ಮಂಚದ ಕೆಳಗೆ ತಳ್ಳಿಬಿಡೋದು. ರಾತ್ರಿ ಎಳೆದ್ರೆ ನಿಮ್ಮ ಪಕ್ಕಾನೇ ಇರ್ತಾಳೆ. ನಮ್ಮಿಬ್ಬರ ನಡುವಿನಿಂದ ಎದ್ದು ಬರೋ ಹುಡುಗಿ, ಕೈ ಚಾಚಿದ್ರೆ ನೀವಾದ್ರೂ ಸಿಗಬೇಕಲ್ಲ ಅತ್ತೆ. ನೀವಿಲ್ದೆ ಅವಳು ಅಲ್ಲಿ ಒಂದು ರಾತ್ರಿ ಮಲಗ್ತಾಳಾ?" ಇಷ್ಟು ಹೇಳಿ ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಬಡಗಿಗೆ ಮಂಚದ ಅಳತೆ ಒಪ್ಪಿಸಿದ ಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಗಂಟು ಕಟ್ಟಿದ್ರಾ?"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಕಂಡಕ್ಟರಮ್ಮ ಊರಿಗೆಲ್ಲ ಬುದ್ಧಿ ಹೇಳಿದ್ದುಂಟು. ತನ್ನ ಪಾಲಿಗೆ ಬಂದಾಗ ಅದು ನೆನಪಾಗಿರಲಿಲ್ಲ. ನಾಚಿಕೆ, ಸಂತೋಷ, ಅಳು ಎಲ್ಲವೂ ಒಟ್ಟಿಗೇ ನುಗ್ಗಿ ಬಂದವು. ಎಷ್ಟೋ ವರ್ಷ ಹೊಗಳಿದ್ದರೂ ಈ ಹುಡುಗಿಯನ್ನು ತಾನು ಅರ್ಧವೂ ಹೊಗಳಿಲ್ಲವಲ್ಲ ಎನ್ನಿಸಿತು.

ಅಷ್ಟರಲ್ಲಿ ಮೈಯೆಲ್ಲ ಮರಳಾದ ತಕರಾರು ಓಡಿ ಬಂದಿತು. ಹಿಂದೆಯೇ ಅಪ್ಪ. ಅಜ್ಜಿ ಬೇರೆ ಊರಿಗೆ ಹೋಗುವ ವಿಷಯದ ಬಾಲ ಅದರ ಕಿವಿಗೆ ಬಿದ್ದಿತ್ತು.

"ಅಜ್ಜಿ ಹೋಗೋ ಹಾಗಿಲ್ಲ," ಎಂದಿತು. "ಅಜ್ಜಿ ಹೋದ್ರೆ ನನ್ನ ಮಂಚ ಯಾವುದರ ಕೆಳಗೆ ಹೋಗತ್ತೆ?"

"ನಿಂಗೆ ಗೊತ್ತಿತ್ತಾ?" ಎಂದು ಕಂಡಕ್ಟರಮ್ಮ ಕೇಳಿದಳು.

"ಅಮ್ಮ ಮೊದಲು ನನ್ನ ಕೇಳಿದ್ಲು. ಅಜ್ಜಿ ಹತ್ರ ಆದ್ರೆ ತಕರಾರಿಲ್ಲ ಅಂದೆ."

ಮಗ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ತಾನಿಲ್ಲದಾಗ ಏನೋ ನಡೆದಿದೆ ಎಂದು ಅರಿತು ಸುಮ್ಮನೆ ಕಿತ್ತಳೆ ಸುಲಿಯಲು ಕುಳಿತ. ಸೊಸೆ ಮರಳಿನ ಮೇಲೆ ಬೀರು ಬರೆದಳು, ಬಾಗಿಲು ಬರೆದಳು, ಒಳಕೋಣೆಯಲ್ಲಿ ತನ್ನ ಮಂಚದ ಪಕ್ಕ ತೊಟ್ಟಿಲು ಬರೆದಳು. ಕಂಡಕ್ಟರಮ್ಮ ಕಣ್ಣೊರೆಸಿಕೊಂಡು ಬಗ್ಗಿ ಅದನ್ನೇ ನೋಡಿದಳು.

"ತೊಟ್ಟಿಲು ಅಲ್ಲಿ ಬೇಡ," ಎಂದಳು.

ಸೊಸೆ ತಲೆಯೆತ್ತಿದಳು. ಅವಳ ಅಳತೆಗೆ ಅತ್ತೆ ಎದುರಾಡಿದ್ದು ಇದೇ ಮೊದಲು.

"ನೀನು ಹೆತ್ತು ದಣಿದಿರ್ತೀಯ. ಮಗು ಅತ್ತಾಗೆಲ್ಲ ನೀನೇ ಏಳೋದಾ? ಈಚೆ ನನ್ನ ತಲೆದೆಸೆಗೆ ಇರಲಿ. ಹಾಲಿಗೆ ಮಾತ್ರ ಎತ್ಕೊಂಡು ಬಂದು ನಿನ್ನ ಕೈಗೆ ಕೊಡ್ತೀನಿ. ಉಳಿದದ್ದು ನಾನು ನೋಡ್ಕೋತೀನಿ."

"ಪಕ್ಕದಲ್ಲಿ ದೊಡ್ಡೋಳು, ತಲೆದೆಸೇಲಿ ಚಿಕ್ಕದು. ನಿಮಗೆ ನಿದ್ದೆ ಆದ ಹಾಗೇ," ಎಂದಳು ಸೊಸೆ.

"ನಿದ್ದೆ ಯಾರಿಗೆ ಬೇಕಿತ್ತು?"

ಸೊಸೆ ತಾನು ಬರೆದಿದ್ದ ತೊಟ್ಟಿಲನ್ನು ಕಾಲಿನಿಂದ ಅಳಿಸಿ, ಕಡ್ಡಿಯನ್ನು ಅತ್ತೆಯ ಕೈಗೆ ಕೊಟ್ಟಳು. ಕಂಡಕ್ಟರಮ್ಮ ಮರಳಿನಲ್ಲಿ ಕುಳಿತಳು. ತನ್ನ ಗೆರೆಯ ಪಕ್ಕ ಮೆಲ್ಲಗೆ ಒರಗಿ, ಮಲಗಿದವಳಂತೆ ತಲೆಯ ಹಿಂದಕ್ಕೆ ತೋಳು ಚಾಚಿ, ಬೆರಳು ಎಲ್ಲಿಗೆ ಮುಟ್ಟಿತೋ ಅಲ್ಲಿ ತೊಟ್ಟಿಲು ಬರೆದಳು.